ಶನಿವಾರಸಂತೆಯ ಮಳೆ, ಬಚ್ಚಲೊಲೆಯ ಹಲಸಿನ ಬೀಜ

ಕಳೆದ ವರ್ಷದ ಆರಂಭದಲ್ಲಿ ನಮ್ಮ ಆಫೀಸಿನವರೊಬ್ಬರು ಯುರೋಪ್‌ನಿಂದ ಬರುವಾಗ ಸುಟ್ಟ ಚೆಸ್ಟ್‌ನಟ್ ಪ್ಯಾಕೆಟ್ ತಂದಿದ್ದರು. ಎಲ್ಲರೂ ಒಂದೊಂದು ತಿಂದು ‘ವಾವ್’ ಅಂದರು. ನಾನು ಬಾಯಿಗೆ ಹಾಕಿಕೊಂಡವಳೇ, ‘ಅಯ್ಯೋ, ಇದು ನಮ್ಮ ದೊಡ್ಡಮ್ಮನ ಮನೆ ಹಲಸಿನ ಬೀಜ ಕಣ್ರೀ’ ಅಂದೆ. ಸಿಹಿ ಸ್ವಲ್ಪ ಜಾಸ್ತಿ, ಅಷ್ಟೇ. ಯಾರೂ ನಂಬಲಿಲ್ಲ. ಜೂನ್ ಕೊನೆಗೆ ರಜೆ ಹಾಕಿ ಶನಿವಾರಸಂತೆಗೆ ಹೊರಟಿದ್ದಕ್ಕೆ ಅದೂ ಒಂದು ನೆಪ.

ಕೊಡಗು ಅಂದ ಕೂಡಲೇ ಮಡಿಕೇರಿ, ಅಬ್ಬಿ ಜಲಪಾತ, ಹೋಂಸ್ಟೇ ಅನ್ನುವವರಿಗೆ ಶನಿವಾರಸಂತೆ ಗೊತ್ತಿರುವುದು ಕಮ್ಮಿ. ಜಿಲ್ಲೆಯ ಉತ್ತರದ ಮೂಲೆ ಇದು. ಸ್ವಲ್ಪ ಮುಂದೆ ಕೊಡ್ಲಿಪೇಟೆ, ಅದರಾಚೆ ಹಾಸನ ಜಿಲ್ಲೆ. ಇಲ್ಲಿನ ಮಾತಲ್ಲೂ ಹಾಸನದ ಎಳೆತ ಇದೆ. ಸಂತೆ ದಿನ ಯಾವುದು ಅಂತ ಕೇಳಬೇಕಾಗಿಲ್ಲ, ಊರಿನ ಹೆಸರೇ ಹೇಳುತ್ತೆ. ಬಸ್ ಇಳಿದವಳು ಛತ್ರಿ ಹಿಡಿದು ಸಂತೆ ಪೂರ್ತಿ ಸುತ್ತಿದೆ. ಹಸಿಮೆಣಸಿನಕಾಯಿ, ಒಣಮೀನು, ಪ್ಲಾಸ್ಟಿಕ್ ಕೊಪ್ಪೆ ಎಲ್ಲ ಇತ್ತು, ಹಲಸಿನ ಬೀಜ ಮಾತ್ರ ಇಲ್ಲ. ತರಕಾರಿ ಮಾರುವ ಹೆಂಗಸನ್ನು ಕೇಳಿದರೆ ನಕ್ಕುಬಿಟ್ಟರು. ‘ಅದನ್ನ ಯಾರ್ ತಗಂತಾರವ್ವ ದುಡ್ ಕೊಟ್ಟು? ಮನೇಲಿ ಮರ ಇಲ್ವಾ?’ ಬೆಂಗಳೂರಲ್ಲಿ ಅದನ್ನೇ ಆ್ಯಪ್‌ನಲ್ಲಿ ಗ್ರಾಂ ಲೆಕ್ಕದಲ್ಲಿ ತರಿಸಿಕೊಳ್ಳುತ್ತೇವೆ ಅಂತ ಹೇಳಲು ನಾಚಿಕೆಯಾಯಿತು.

ಇಲ್ಲಿ ಹಲಸಿಗೆಂದೇ ತೋಟ ಮಾಡಿದವರನ್ನು ನಾನು ನೋಡಿಲ್ಲ. ಕಾಫಿ ಗಿಡಗಳ ನಡುವೆ ನೆರಳಿಗೆ ಅಂತ ಹಲಸು ನಿಂತಿರುತ್ತೆ. ಮೈಮೇಲೆ ಕಾಳುಮೆಣಸಿನ ಬಳ್ಳಿ ಹಬ್ಬಿರುತ್ತೆ, ಸೊಪ್ಪು ಆಡಿಗಾಗುತ್ತೆ, ವಯಸ್ಸಾದ ಮರ ಬಾಗಿಲಾಗುತ್ತೆ. ಹಣ್ಣು ಮೇಲಿನ ಲಾಭ. ಬೀಜ ಲಾಭದ ಮೇಲಿನ ಲಾಭ. ದೊಡ್ಡಮ್ಮನ ಮನೆಯ ಕೊಟ್ಟಿಗೆ ಪಕ್ಕದ ಮರ ಬಕ್ಕೆ ಜಾತಿಯದು, ತೊಳೆ ಗಟ್ಟಿ, ಬೀಜ ದಪ್ಪ. ತೋಟದೊಳಗಿನವು ಹೆಚ್ಚಿನವು ಅಂಬಲಿ, ಕೈಗೆ ಹಿಡಿದರೆ ಜಾರಿಹೋಗುವಂಥವು.

ಸಂಜೆ ಬಚ್ಚಲೊಲೆ ಮುಂದೆ ಕೂತೆವು. ಹಂಡೆ ಕೆಳಗಿನ ಕೆಂಡ ಎಳೆದು, ಮೇಲೆ ಬೂದಿ ಮುಚ್ಚಿ, ಅದರೊಳಗೆ ಬೀಜ ಹೂಳಬೇಕು. ಅದಕ್ಕೂ ಮುಂಚೆ ಒಂದು ಕೆಲಸ ಇದೆ. ‘ತುದಿ ಕಚ್ಚಿ ಹಾಕು ಮಗಾ, ಇಲ್ಲಾಂದ್ರೆ ಮುಖಕ್ಕೇ ಸಿಡಿಯುತ್ತೆ’ ಅಂದರು ದೊಡ್ಡಮ್ಮ. ಚೆಸ್ಟ್‌ನಟ್ ಸುಡುವವರೂ ಹೀಗೇ ಸಿಪ್ಪೆಗೆ ಚಾಕುವಿನಿಂದ ಗೀರು ಹಾಕುತ್ತಾರೆ. ಒಳಗಿನ ಆವಿಗೆ ದಾರಿ ಬೇಕಲ್ಲ! ಹೊರಗಿನ ಬಿಳಿ ಸಿಪ್ಪೆ ಕಪ್ಪಾಗಿ ಬಿರಿದ ಮೇಲೆ ತೆಗೆದು, ಕೈಯಿಂದ ಕೈಗೆ ಹಾರಿಸುತ್ತಾ ಸುಲಿಯೋದು. ಒಳಗೆ ಹಿಟ್ಟು ಹಿಟ್ಟಾದ ಬಿಸಿ ತಿರುಳು. ಉಪ್ಪೂ ಬೇಡ. ಹೊರಗೆ ಸೋ ಅಂತ ಮಳೆ. ಎಷ್ಟು ತಿಂದೆ ಅಂತ ಲೆಕ್ಕ ಇಡಲಿಲ್ಲ. (ರಾತ್ರಿ ಹೊಟ್ಟೆ ಲೆಕ್ಕ ಕೊಟ್ಟಿತು. ಮೊದಲ ಸಲ ತಿನ್ನುವವರು ಹತ್ತಕ್ಕೇ ನಿಲ್ಲಿಸಿ.)

ಮರುದಿನ ಸಾರು. ಬೀಜ ಜಜ್ಜಿ, ಬದನೆಕಾಯಿ, ಒಣ ಸೀಗಡಿ ಜೊತೆ ಬೇಯಿಸಿ, ಹುರಿದ ಮಸಾಲೆಗೆ ಬೆಳ್ಳುಳ್ಳಿ ಧಾರಾಳವಾಗಿ ಸೇರಿಸಿ ರುಬ್ಬಿ ಹಾಕಿದ್ದು. ಜೊತೆಗೆ ಅಕ್ಕಿ ರೊಟ್ಟಿ. ಬೆಂದ ಬೀಜ ಸಾರಲ್ಲೇ ಸ್ವಲ್ಪ ಕರಗಿ ಅದನ್ನು ಮಂದ ಮಾಡುತ್ತೆ, ಬೇಳೆಯ ನೆನಪೇ ಬರುವುದಿಲ್ಲ. ಮಳೆಗಾಲದಲ್ಲಿ ವಾರಗಟ್ಟಲೆ ಪೇಟೆಗೆ ಹೋಗಲಾಗದ ಕಾಲದಲ್ಲಿ ಇದೇ ತರಕಾರಿ. ಕೆಮ್ಮಣ್ಣು ಕಲಸಿ ಬೀಜಕ್ಕೆಲ್ಲ ಹಚ್ಚಿ, ಒಣಗಿಸಿ, ಬುಟ್ಟಿಯಲ್ಲಿ ತುಂಬಿಟ್ಟರೆ ತಿಂಗಳುಗಟ್ಟಲೆ ಹುಳ ಹಿಡಿಯುವುದಿಲ್ಲ, ಬತ್ತಿಹೋಗುವುದೂ ಇಲ್ಲ. ಫ್ರಾನ್ಸ್‌ನ ಕಾರ್ಸಿಕಾ ದ್ವೀಪದಲ್ಲಿ ಚೆಸ್ಟ್‌ನಟ್ ಅನ್ನು ಒಲೆಯ ಮೇಲಿನ ಅಟ್ಟದಲ್ಲಿ ವಾರಗಟ್ಟಲೆ ಹೊಗೆಗೆ ಒಣಗಿಸಿ, ಹಿಟ್ಟು ಮಾಡಿ, ಮುದ್ದೆ ಥರ ತಿರುವಿ ತಿನ್ನುತ್ತಾರೆ ಅಂತ ದೊಡ್ಡಮ್ಮನಿಗೆ ಹೇಳಿದೆ. ‘ಅವರಿಗೂ ಅಟ್ಟ ಇದ್ಯಾ?’ ಅಂತ ಖುಷಿಪಟ್ಟರು.

ಆದರೆ ಬುಟ್ಟಿ ನೋಡಿದರೆ ಅರ್ಧವೂ ತುಂಬಿರಲಿಲ್ಲ. ನಾನು ಚಿಕ್ಕವಳಿದ್ದಾಗ ಇಂಥವು ಮೂರು ಇರುತ್ತಿದ್ದವು. ಕಾರಣ ಆನೆ.

ಹಲಸು ಹಣ್ಣಾಗುವ ಹೊತ್ತಿಗೆ ಕಾಡಾನೆ ತೋಟಕ್ಕೆ ಬರುತ್ತೆ. ಹಣ್ಣು ತಿಂದು ಹೋದರೆ ಪರವಾಗಿಲ್ಲ, ಅದು ನಡೆದ ದಾರಿಯಲ್ಲಿ ಇಪ್ಪತ್ತು ವರ್ಷದ ಕಾಫಿ ಗಿಡಗಳು ಮಲಗಿರುತ್ತವೆ. ಬೆಳಿಗ್ಗೆ ಮಂಜಿನಲ್ಲಿ ಕೆಲಸಕ್ಕೆ ಬರುವವರಿಗೆ ಆನೆ ಎದುರಾಗಿ ಜೀವ ಹೋದ ಸುದ್ದಿ ಕೊಡಗಿನಲ್ಲಿ ಹೊಸದಲ್ಲ. ಅದಕ್ಕೇ ದೊಡ್ಡಪ್ಪ ಈಗ ಬೇಸಿಗೆಯಲ್ಲೇ ಆಳು ಹತ್ತಿಸಿ, ತೋಟದ ಮರಗಳ ಎಳೆಗಾಯಿ ಅಷ್ಟನ್ನೂ ಕೆಡವಿಸುತ್ತಾರೆ. ಒಂದಿಷ್ಟು ಪಲ್ಯಕ್ಕೆ, ಉಳಿದದ್ದು ಗೊಬ್ಬರದ ಗುಂಡಿಗೆ. ಕೊಟ್ಟಿಗೆ ಪಕ್ಕದ್ದೊಂದನ್ನು ಮಾತ್ರ ದೊಡ್ಡಮ್ಮ ಜಗಳ ಮಾಡಿ ಉಳಿಸಿಕೊಂಡಿದ್ದಾರೆ. ಅದರ ಕಾಯನ್ನೂ ವಾಸನೆ ಹೊಡೆಯುವ ಮುಂಚೆ ಕೊಯ್ದು, ಒಳಗೆ ಗೋಣಿಚೀಲ ಮುಚ್ಚಿ ಹಣ್ಣು ಮಾಡಬೇಕು.

ನಾನು ಸಿಟಿಯವಳ ಹುಮ್ಮಸ್ಸಿನಲ್ಲಿ ಫೋನ್ ತೆಗೆದೆ. ಕೇರಳ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣು ಅಂತ ಘೋಷಿಸಿದ್ದು, ತುಮಕೂರು ಜಿಲ್ಲೆಯ ಚೇಳೂರಿನ ಒಂದೇ ಒಂದು ಮರದಿಂದ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ‘ಸಿದ್ದು’ ಹಲಸು ಹೆಸರು ಮಾಡುವಂತೆ ಮಾಡಿದ್ದು, ಅದರ ಗಿಡಕ್ಕೆ ಇರುವ ಬೇಡಿಕೆ, ಎಲ್ಲ ಓದಿ ಹೇಳಿದೆ. ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡರು.

‘ಚೇಳೂರಲ್ಲಿ ಆನೆ ಇದ್ಯಾ?’ ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಮರ ಕಡಿಸುವ ಯೋಚನೆಯಲ್ಲೂ ಇದ್ದರು. ನೆರಳಿಗೆ ಸಿಲ್ವರ್ ಓಕ್ ಸಾಕು, ಅದರಲ್ಲಿ ಆನೆಗೆ ಏನೂ ಇಲ್ಲ. ದೊಡ್ಡಮ್ಮ ಒಳಗಿನಿಂದಲೇ, ‘ಓಕ್ ಮರದ ಬೀಜದಲ್ಲಿ ಸಾರು ಮಾಡಿಕೊಡ್ಲಾ?’ ಅಂತ ಕೇಳಿದರು. ಆ ದಿನ ಮಾತು ಅಲ್ಲಿಗೇ ನಿಂತಿತು.

ಬರುವಾಗ ಹಳೇ ಪೇಪರಿನಲ್ಲಿ ಕಟ್ಟಿಕೊಟ್ಟ ಮಣ್ಣು ಮೆತ್ತಿದ ಬೀಜಗಳನ್ನು ಆಫೀಸಿಗೆ ಒಯ್ದೆ. ಏರ್ ಫ್ರೈಯರ್‌ನಲ್ಲಿ ಮಾಡಿದರೂ ಅಡ್ಡಿಯಿಲ್ಲ, ತುದಿ ಕತ್ತರಿಸಲು ಮರೆಯಬೇಡಿ. ಚೆಸ್ಟ್‌ನಟ್ ತಂದವರೇ ಮೊದಲು ತಿಂದು ಇನ್ನೊಂದಕ್ಕೆ ಕೈ ಚಾಚಿದರು.

ಈ ಜನವರಿಯಲ್ಲಿ ಫೋನ್ ಮಾಡಿದಾಗ ಮರದ ವಿಷಯ ಕೇಳಿದೆ. ‘ಕೊಟ್ಟಿಗೆ ಹತ್ರದ್ದು ಇದೆ ಮಗಾ, ಮಿಡಿ ಬಿಟ್ಟಿದೆ. ಹದಿನೆಂಟು ಎಣಿಸಿದೀನಿ’ ಅಂದರು ದೊಡ್ಡಮ್ಮ. ಆಮೇಲೆ ದನಿ ತಗ್ಗಿಸಿ, ‘ನಿಮ್ ದೊಡ್ಡಪ್ಪಂಗೆ ಹನ್ನೆರಡು ಅಂತ ಹೇಳಿದೀನಿ.’