ಫೋಟೊ ಇದೆ, ತೆರೆಯುತ್ತಿಲ್ಲ

ಫಿಲ್ಮ್ ರೋಲ್‌ಗಳ ಕಾಲದಲ್ಲಿ ಒಂದು ಮದುವೆಗೆ ನಾಲ್ಕೈದು ರೋಲ್ ಇದ್ದರೆ ಧಾರಾಳವಾಯಿತು. ಒಂದು ರೋಲ್‌ಗೆ 36 ಚಿತ್ರ. ಪ್ರತಿ ಚಿತ್ರಕ್ಕೂ ದುಡ್ಡು ಖರ್ಚಾಗುತ್ತಿದ್ದುದರಿಂದ ಗುಂಡಿ ಒತ್ತುವ ಮುನ್ನ ಛಾಯಾಗ್ರಾಹಕ ಎರಡು ಸಲ ಯೋಚಿಸುತ್ತಿದ್ದ. ಈಗ ಒಂದು ಮದುವೆಗೆ ಎರಡು ಸಾವಿರ ಚಿತ್ರ ತೆಗೆದರೂ ಯಾರೂ ಹುಬ್ಬೇರಿಸುವುದಿಲ್ಲ. ತೆಗೆಯುವುದು ಸುಲಭವಾಯಿತು. ತೆಗೆದದ್ದನ್ನು ಬೇಕಾದಾಗ ಹುಡುಕಿ ತೆಗೆಯುವುದು ಮಾತ್ರ ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ.

ಶಿಕಾರಿಪುರದ ಪೇಟೆಯಲ್ಲಿ ನಮ್ಮಣ್ಣನ ಒಂದು ಸಣ್ಣ ಸ್ಟುಡಿಯೊ ಇದೆ. ಕ್ಯಾಮೆರಾ ಅವನ ಪಾಲಿಗೆ, ಕಂಪ್ಯೂಟರ್ ನನ್ನ ಪಾಲಿಗೆ. 2009ರಿಂದ ಈಚೆಗೆ ತೆಗೆದ ಚಿತ್ರಗಳಲ್ಲಿ ಸುಮಾರು ಒಂದು ಲಕ್ಷ ನಮ್ಮಲ್ಲಿ ಉಳಿದಿವೆ. ಅವನ್ನೆಲ್ಲ ಒಂದೇ ಕಡೆ ನೋಡಲು, ವಿಂಗಡಿಸಲು ಒಂದು ತಂತ್ರಾಂಶವನ್ನು ಬಳಸುತ್ತೇವೆ. ಮೊದಲ ಕೆಲವು ವರ್ಷ ಅದು ಚುರುಕಾಗಿಯೇ ಇತ್ತು. ಚಿತ್ರಗಳು ಹೆಚ್ಚಿದಂತೆ ಪರದೆಯ ಮೇಲಿನ ಆ ಚಕ್ರ ಗಾಣದ ಎತ್ತಿನಂತೆ ಸುತ್ತತೊಡಗಿತು. ಒಂದು ಮದುವೆಯ ಚಿತ್ರಗಳನ್ನು ತೆರೆಯಲು ಹೇಳಿ, ಚಹಾ ಕುಡಿದು ಬಂದರೂ ಬೂದುಬಣ್ಣದ ಖಾಲಿ ಚೌಕಗಳೇ ಕಾಣುತ್ತಿದ್ದವು.

ಕಳೆದ ಮಳೆಗಾಲದಲ್ಲಿ ಶಿರಾಳಕೊಪ್ಪದಿಂದ ಒಬ್ಬ ಖಾಲಾ ಬಂದರು. ಗಂಡ ತೀರಿಕೊಂಡು ಎರಡು ತಿಂಗಳಾಗಿತ್ತು. ಆತ ಫೋಟೊಕ್ಕೆ ನಿಲ್ಲುವ ಆಸಾಮಿಯೇ ಅಲ್ಲವಂತೆ. ಮನೆಯಲ್ಲಿದ್ದದ್ದು ಗುರುತಿನ ಚೀಟಿಯ ಚಿತ್ರವೊಂದೇ. "ಅದರಲ್ಲಿ ಅವರು ಅವರ ಹಾಗೆ ಕಾಣೋದೇ ಇಲ್ಲ ಬೇಟಾ. ಮಗಳ ನಿಕಾಹ್ ದಿನ ಎಲ್ಲಾದರೂ ಒಂದು ಮೂಲೆಯಲ್ಲಿ ಬಿದ್ದಿರಬಹುದು, ನೋಡು" ಎಂದರು. ನಾನು ತಂತ್ರಾಂಶವನ್ನು ತೆರೆದೆ. ಚಕ್ರ ಸುತ್ತತೊಡಗಿತು. ಅವರ ಬಸ್ಸಿನ ಹೊತ್ತಾಯಿತು. "ನಾಳೆ ಬರ್ತೀನಿ" ಎಂದು ಎದ್ದು ಹೋದರು.

ಆ ರಾತ್ರಿ ಈ ನಿಧಾನದ ಮೂಲವನ್ನು ಹುಡುಕಲು ಕುಳಿತೆ. ಕಂಡುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ. ಮನೆಯ ಕಂಪ್ಯೂಟರಿನಲ್ಲಿ ಚಿತ್ರಗಳನ್ನು ಕೂಡಿಟ್ಟುಕೊಂಡಿರುವ ಯಾರಿಗಾದರೂ ಉಪಯೋಗವಾದೀತು.

ಇಂಥ ತಂತ್ರಾಂಶ ಅಡಿಕೆ ಮಂಡಿಯ ಗುಮಾಸ್ತನಿದ್ದಂತೆ. ಮಾಲು ಗೋದಾಮಿನಲ್ಲಿರುತ್ತದೆ, ಗುಮಾಸ್ತನ ಎದುರಿಗೆ ಲೆಕ್ಕದ ಪುಸ್ತಕವಿರುತ್ತದೆ. ಚಿತ್ರಗಳು ಡಿಸ್ಕಿನಲ್ಲಿರುತ್ತವೆ, ಯಾವ ಚಿತ್ರ ಎಲ್ಲಿದೆ, ಎಂದು ತೆಗೆದದ್ದು ಎಂಬ ವಿವರ ಡೇಟಾಬೇಸ್ ಎಂಬ ಪುಸ್ತಕದಲ್ಲಿರುತ್ತದೆ. ಜೊತೆಗೆ ಪ್ರತಿ ಚಿತ್ರದ ಒಂದೊಂದು ಪುಟ್ಟ ಪ್ರತಿಯನ್ನೂ ಅದು ಮಾಡಿಟ್ಟುಕೊಳ್ಳುತ್ತದೆ. ಪುಟ್ಟ ಪ್ರತಿ ಸಿದ್ಧವಿದ್ದರೆ ಕ್ಷಣದಲ್ಲಿ ತೋರಿಸುತ್ತದೆ. ಇಲ್ಲದಿದ್ದರೆ ಮೂಲ ಚಿತ್ರವನ್ನೇ ಬಿಚ್ಚಬೇಕು. 24 ಮೆಗಾಪಿಕ್ಸೆಲ್‌ನ ಒಂದು ಚಿತ್ರ ಡಿಸ್ಕಿನಲ್ಲಿ ಐದಾರು ಎಂಬಿ ಇದ್ದರೂ ಬಿಚ್ಚಿ ಹರಡಿದಾಗ ಕಂಪ್ಯೂಟರಿನ ಮೆಮೊರಿಯಲ್ಲಿ 72 ಎಂಬಿ ಜಾಗವನ್ನು ಹಿಡಿಯುತ್ತದೆ. ಒಟ್ಟಿಗೆ ನೂರು ಚಿತ್ರ ತೋರಿಸು ಎಂದರೆ ಬಡ ಕಂಪ್ಯೂಟರ್ ಉಸಿರುಗಟ್ಟದೆ ಇನ್ನೇನು ಮಾಡೀತು?

ಎರಡನೆಯ ಕಾರಣ ದಾರಿಯದ್ದು. ನಮ್ಮ ಹೊರಗಿನ ಡಿಸ್ಕಿಗೆ ಹಾಕಿದ್ದುದು ಹಳೆಯ ಯುಎಸ್‌ಬಿ 2.0 ತಂತಿ. ಅದರಲ್ಲಿ ಸೆಕೆಂಡಿಗೆ ಸುಮಾರು 30 ಎಂಬಿ ಸಾಗುತ್ತದೆ. ತಲಾ 5 ಎಂಬಿಯಂತೆ ಒಂದು ಲಕ್ಷ ಚಿತ್ರಗಳನ್ನು ಒಂದು ಸುತ್ತು ಓದಿ ಮುಗಿಸಲು ನಾಲ್ಕೂವರೆ ತಾಸಿಗೂ ಹೆಚ್ಚು ಬೇಕು. ಯುಎಸ್‌ಬಿ 3.0 ತಂತಿಯಲ್ಲಿ ಅದೇ ಡಿಸ್ಕ್ ಸೆಕೆಂಡಿಗೆ 100 ಎಂಬಿ ಕೊಟ್ಟರೆ ಒಂದೂವರೆ ತಾಸಿನೊಳಗೆ ಕೆಲಸ ಮುಗಿಯುತ್ತದೆ.

ಮೂರನೆಯದು ಲೆಕ್ಕದ ಪುಸ್ತಕವನ್ನು ಇಟ್ಟ ಜಾಗ. ನಮ್ಮಲ್ಲಿ ಅದೂ ಗೋದಾಮಿನೊಳಗೇ, ಅಂದರೆ ಹೊರಗಿನ ಡಿಸ್ಕಿನಲ್ಲೇ ಇತ್ತು. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್ ಒಂದು ವಿವರವನ್ನು ಹುಡುಕಲು ಸುಮಾರು 10 ಮಿಲಿಸೆಕೆಂಡ್ ತೆಗೆದುಕೊಂಡರೆ, ತಟ್ಟೆಯೇ ಇಲ್ಲದ ಎಸ್‌ಎಸ್‌ಡಿಗೆ ಅದರ ನೂರರಲ್ಲೊಂದು ಪಾಲು ಸಾಕು. ಡೇಟಾಬೇಸನ್ನೂ ಪುಟ್ಟ ಪ್ರತಿಗಳನ್ನೂ ಕಂಪ್ಯೂಟರಿನೊಳಗಿನ ಎಸ್‌ಎಸ್‌ಡಿಗೆ ತಂದೆ. ಮೂಲ ಚಿತ್ರಗಳು ಇದ್ದಲ್ಲೇ ಉಳಿದವು. ಮುಖಗಳನ್ನು ಗುರುತಿಸುವ ಕೆಲಸ ಹಗಲೆಲ್ಲ ಹಿನ್ನೆಲೆಯಲ್ಲಿ ನಡೆಯುತ್ತಿತ್ತು. ಅದನ್ನು ನಿಲ್ಲಿಸಿ ರಾತ್ರಿಗೆ ಹಾಕಿದೆ. ನಮ್ಮೂರಿನ ಕರೆಂಟಿನ ಸ್ಥಿತಿ ಗೊತ್ತಿದ್ದದ್ದೇ. ಡೇಟಾಬೇಸ್ ಬರೆಯುತ್ತಿರುವಾಗ ಕರೆಂಟ್ ಹೋದರೆ ಪುಸ್ತಕವೇ ಹರಿದಂತೆ. ಹಾಗಾಗಿ ಯುಪಿಎಸ್ ಇರಲೇಬೇಕು, ಡೇಟಾಬೇಸಿನದೂ ಚಿತ್ರಗಳದೂ ಒಂದೊಂದು ಪ್ರತಿ ಬೇರೆ ಡಿಸ್ಕಿನಲ್ಲಿರಬೇಕು.

ಮರುದಿನ ಖಾಲಾ ಬರುವಾಗ ಪುಟ್ಟ ಪ್ರತಿಗಳು ಅರ್ಧದಷ್ಟೂ ತಯಾರಾಗಿರಲಿಲ್ಲ. ಆಗ ಕೈಹಿಡಿದದ್ದು ಅಣ್ಣನ ಆರ್ಡರ್ ಪುಸ್ತಕ. ಯಾರ ಮನೆ, ಯಾವ ಊರು, ಯಾವ ತಾರೀಖು ಎಂಬುದನ್ನು ಅವನು ಮೊದಲಿನಿಂದಲೂ ಪೆನ್ನಿನಲ್ಲಿ ಬರೆದಿಡುತ್ತಾನೆ. 2011ರ ಪುಟದಲ್ಲಿ ಆ ನಿಕಾಹ್‌ನ ತಾರೀಖು ಸಿಕ್ಕಿತು. ಅದೇ ತಾರೀಖಿನ ಫೋಲ್ಡರನ್ನು ಮೊದಲು ತಯಾರಿಸಲು ತಂತ್ರಾಂಶಕ್ಕೆ ಹೇಳಿದೆ. ಕೆಲವೇ ನಿಮಿಷಗಳಲ್ಲಿ ಚಿತ್ರಗಳು ಸಾಲಾಗಿ ಬಂದವು.

ಸಾವಿರದಷ್ಟು ಚಿತ್ರಗಳನ್ನು ದಾಟಿದ ಮೇಲೆ ಖಾಲಾ ಪರದೆಯ ಮೇಲೆ ಬೆರಳಿಟ್ಟರು. ಗಂಡಿನ ಕಡೆಯವರ ಗುಂಪು ಚಿತ್ರದ ಹಿಂದೆ ಒಬ್ಬರು ಶರಬತ್ತಿನ ತಟ್ಟೆ ಹಿಡಿದು ಆಚೆ ತಿರುಗಿ ಹೋಗುತ್ತಿದ್ದರು. ಒಂದು ಕಿವಿ, ಅರ್ಧ ಗಡ್ಡ, ಹೆಗಲ ಮೇಲೊಂದು ಟವೆಲ್ ಅಷ್ಟೇ ಕಾಣುತ್ತಿತ್ತು. "ಇವರೇ" ಎಂದರು. ಮುಖ ಗುರುತಿಸುವ ಯಂತ್ರ ಆ ಚಿತ್ರದಲ್ಲಿ ಹನ್ನೊಂದು ಮುಖಗಳಿಗೆ ಚೌಕ ಹಾಕಿತ್ತು. ಅವರಿಗೆ ಹಾಕಿರಲಿಲ್ಲ.

"ಇದನ್ನೆಲ್ಲ ಕ್ಲೌಡಿಗೆ ಹಾಕಿಬಿಡಿ, ತಾನೇ ಹುಡುಕಿಕೊಡುತ್ತದೆ" ಎನ್ನುವವರಿದ್ದಾರೆ. ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದ ಉಚಿತ ಜಾಗದ ಸೌಲಭ್ಯ 2021ರ ಜೂನ್ 1ಕ್ಕೆ ನಿಂತಿತು. ಆ ಬಳಿಕ ಉಚಿತವಾಗಿ ಸಿಗುವುದು 15 ಜಿಬಿ. ನಮ್ಮದು 500 ಜಿಬಿ. ಆದರೆ ದುಡ್ಡಿಗಿಂತ ದೊಡ್ಡ ಮಾತೊಂದಿದೆ. ಈ ಚಿತ್ರಗಳಲ್ಲಿ ಹೆಣ್ಣುಮಕ್ಕಳ ಕೋಣೆಯ ಚಿತ್ರಗಳಿವೆ, ಮೆಹಂದಿಯ ರಾತ್ರಿಯ ಚಿತ್ರಗಳಿವೆ. ನಂಬಿ ಒಳಗೆ ಬಿಟ್ಟುಕೊಂಡ ಮನೆಗಳು ಅವು. ಹಿಂದೂ ಮನೆಯಾಗಲಿ, ಮುಸ್ಲಿಮ್ ಮನೆಯಾಗಲಿ, ಆ ಚಿತ್ರಗಳು ನಮ್ಮಲ್ಲಿರುವುದು ಅಮಾನತ್ತಾಗಿ. ಅವರನ್ನು ಕೇಳದೆ ಬೇರೆ ಕಡೆಗೆ ಸಾಗಿಸುವ ಹಕ್ಕು ನಮಗಿಲ್ಲ. ನಿಧಾನವಾದರೂ ಸರಿ, ಅವು ನಮ್ಮ ಕಪಾಟಿನಲ್ಲೇ ಇರಲಿ ಎಂದು ಅಣ್ಣ ಹೇಳುವುದು ಈ ಕಾರಣಕ್ಕೆ.

ಇನ್ನೊಂದು ಎಚ್ಚರವೂ ಬೇಕು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಬಳಕೆಯಲ್ಲಿದ್ದ ಪಿಕಾಸಾವನ್ನು ಗೂಗಲ್ 2004ರಲ್ಲಿ ಕೊಂಡಿತು, 2016ರಲ್ಲಿ ನಿಲ್ಲಿಸಿತು. ತಂತ್ರಾಂಶಗಳು ಬರುತ್ತವೆ, ಹೋಗುತ್ತವೆ. ಒಂದರ ಲೆಕ್ಕದ ಪುಸ್ತಕ ಇನ್ನೊಂದಕ್ಕೆ ಸಲೀಸಾಗಿ ಅರ್ಥವಾಗುವುದಿಲ್ಲ. ಆದ್ದರಿಂದ ಫೋಲ್ಡರಿನ ಹೆಸರಿನಲ್ಲೇ ವರ್ಷ, ತಿಂಗಳು, ಊರು ಇರುವುದು ಕ್ಷೇಮ. ಆ ಹೆಸರನ್ನು ಯಾವ ಕಂಪ್ಯೂಟರಾದರೂ ಓದುತ್ತದೆ.

ಈ ಬುದ್ಧಿ ನಮ್ಮ ತಾಲ್ಲೂಕಿಗೆ ಹೊಸದಲ್ಲ. ಬಿ.ಎಲ್. ರೈಸ್ ಅವರು ಇಲ್ಲಿನ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳನೆಯ ಸಂಪುಟದಲ್ಲಿ 1902ರಲ್ಲಿ ಪ್ರಕಟಿಸಿದಾಗ ಪ್ರತಿ ಕಲ್ಲಿಗೂ ತಾಲ್ಲೂಕಿನ ಹೆಸರು ಮತ್ತು ಒಂದು ಸಂಖ್ಯೆಯನ್ನು ಕೊಟ್ಟರು. ತಾಳಗುಂದದ ಕದಂಬರ ಕಂಬ ಶಿಕಾರಿಪುರ 176. ಕಂಬ ಅಲ್ಲೇ ಊರಿನಲ್ಲಿ ನಿಂತಿದೆ. ಹುಡುಕುವವನು ಆ ಸಂಖ್ಯೆ ಹಿಡಿದು ಇಂದಿಗೂ ಅದರ ಬಳಿ ಹೋಗುತ್ತಾನೆ. ಒಂದು ನೂರ ಇಪ್ಪತ್ತು ವರ್ಷ ದಾಟಿದರೂ ಆ ಪಟ್ಟಿ ನಿಧಾನವಾಗಿಲ್ಲ.

ನಿಮ್ಮ ಮನೆಯಲ್ಲೂ ಮೊಬೈಲಿನಲ್ಲಿ, ಹಳೆಯ ಸಿಡಿಗಳಲ್ಲಿ ಸಾವಿರಾರು ಚಿತ್ರಗಳಿರಬಹುದು. ಹೊಸ ಡಿಸ್ಕ್, ಹೊಸ ತಂತಿಯಿಂದ ಅವು ಬೇಗ ತೆರೆದುಕೊಂಡಾವು. ಆದರೆ ಗುಂಪಿನ ಹಿಂದೆ ತಟ್ಟೆ ಹಿಡಿದು ನಿಂತವರು ಯಾರು ಎಂಬುದು ಮನೆಯ ಹಿರಿಯರಿಗೆ ಮಾತ್ರ ಗೊತ್ತಿರುತ್ತದೆ. ಅವರು ಇರುವಾಗಲೇ ಪಕ್ಕದಲ್ಲಿ ಕುಳಿತು, ಕೇಳಿ, ಹೆಸರು ಬರೆದಿಡಿ.