ಹದಿನಾರು ಇಂಚೆಲ್ಲ ಒಂದೇ ಅಲ್ಲ

ಊರಿನಿಂದ ಹೊಸದಾಗಿ ಬಂದ ಹುಡುಗರು ಮನೆಗೆ ಬಂದು ಬೆಂಕಿಗೂಡಿನ ಮುಂದೆ ಕೂತು, ಕಾರು ಕೊಳ್ಳುವ ಮಾತೆತ್ತಿದಾಗಲೆಲ್ಲ ನಾನು ಹೇಳುವುದು 2019ರ ಚಳಿಗಾಲದ ಕಥೆಯನ್ನೇ. ಆ ವರ್ಷ ಮಾಂಟ್ರಿಯಲ್‌ನಲ್ಲಿ ನವೆಂಬರ್ ಅರ್ಧ ಕಳೆಯುವ ಮೊದಲೇ ಹಿಮ ಸುರಿದು, ಟೈರಿನಂಗಡಿಗಳ ಮುಂದೆಲ್ಲ ಕಾರುಗಳ ಸಾಲು ನಿಂತಿತ್ತು. ಕ್ವಿಬೆಕ್ ಪ್ರಾಂತ್ಯದಲ್ಲಿ ಚಳಿಗಾಲದ ಟೈರು ಹಾಕಿಸುವುದು ಅವರವರ ಇಷ್ಟಕ್ಕೆ ಬಿಟ್ಟದ್ದಲ್ಲ, ಕಾನೂನು. 2008ರಲ್ಲಿ ಈ ನಿಯಮ ಬಂದಾಗಿನಿಂದ ಡಿಸೆಂಬರ್ 15 ಗಡುವಾಗಿತ್ತು. 2019ರಿಂದ ಅದು ಡಿಸೆಂಬರ್ 1 ಆಯಿತು. ಅಲ್ಲಿಂದ ಮಾರ್ಚ್ 15ರವರೆಗೆ ಟೈರಿನ ಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ಕಾಣಬೇಕು, ಇಲ್ಲವೇ ಅದು ಮೊಳೆ ಕೂರಿಸಿದ ಟೈರಾಗಿರಬೇಕು. ಎರಡೂ ಇಲ್ಲವೆಂದರೆ 200ರಿಂದ 300 ಡಾಲರ್ ದಂಡ.

ನಮ್ಮ ಅಕ್ಕನ ಮಗ ಆಗಷ್ಟೇ ಅರಕಲಗೂಡಿನಿಂದ ಬಂದು ಇಲ್ಲಿ ಕೆಲಸಕ್ಕೆ ಸೇರಿದ್ದ. ಒಂದು ಹಳೆಯ ಮಜ್ದಾ 3 ಕೊಂಡಿದ್ದ. ಮೇಲ್ದರ್ಜೆಯ ಮಾದರಿ, 18 ಇಂಚಿನ ಹೊಳೆಯುವ ಅಲಾಯ್ ಚಕ್ರಗಳು. ಒಂದು ಸಂಜೆ ಫೋನು ಮಾಡಿದ.

"ಮಾವ, ಟೈರು ಸಿಕ್ತು. ನಮ್ಮ ಆಫೀಸಿನವರೊಬ್ರು ಕೊರೊಲ್ಲಾ ಮಾರಿದ್ರಂತೆ, ಅದರ ಚಳಿಗಾಲದ ಸೆಟ್ಟು ಹಾಗೇ ಉಳಿದಿದೆ. ಕಬ್ಬಿಣದ ರಿಮ್ಮಿನ ಸಮೇತ ಕಡಿಮೆಗೆ ಕೊಡ್ತಾರಂತೆ. ನನ್ನ ಕಾರಿಗೂ 16 ಇಂಚು ಆಗುತ್ತೆ, 205 ಅಗಲ ಆಗುತ್ತೆ ಅಂತ ಪುಸ್ತಕದಲ್ಲಿದೆ. ಇವೂ 205, ಇವೂ 16."

ದುಡ್ಡು ಕೊಡುವ ಮೊದಲು ಗ್ಯಾರೇಜಿನಲ್ಲಿ ಒಮ್ಮೆ ತೋರಿಸೋಣ ಎಂದೆ. ಶನಿವಾರ ಬೆಳಗ್ಗೆ ನಾಲ್ಕೂ ಚಕ್ರಗಳನ್ನು ನನ್ನ ಕಾರಿನ ಡಿಕ್ಕಿಗೂ ಹಿಂದಿನ ಸೀಟಿಗೂ ತುಂಬಿಕೊಂಡು ನಾನೂ, ಹಿಂದೆಯೇ ಮಜ್ದಾದಲ್ಲಿ ಅವನೂ ಹೋದೆವು. ಗ್ಯಾರೇಜಿನ ಯಜಮಾನ ಹುಟ್ಟಿದ್ದೂ ಬೆಳೆದದ್ದೂ ಇದೇ ಊರಿನಲ್ಲಿ. ಫ್ರೆಂಚ್ ಮಾತಿನ ಹಿರಿಯ, ಕೈಯೆಲ್ಲ ಗ್ರೀಸು. ನಾವು ತಂದ ಟೈರುಗಳ ಕಡೆ ಅವರು ತಿರುಗಿಯೂ ನೋಡಲಿಲ್ಲ. ಮೊದಲು ಮಜ್ದಾದ ಡ್ರೈವರ್ ಬಾಗಿಲು ತೆಗೆದು, ಚೌಕಟ್ಟಿಗೆ ಅಂಟಿಸಿದ್ದ ಸ್ಟಿಕ್ಕರ್ ಮೇಲೆ ಬೆರಳಿಟ್ಟರು: 215/45 ಆರ್18. ಆಮೇಲೆ ಕಾರಿನ ಜೊತೆ ಬಂದ ಪುಸ್ತಕ ಕೇಳಿ ಪಡೆದು, ಅದೇ ಕಾರಿನ ಕೆಳದರ್ಜೆಯ ಮಾದರಿಗೆ ಕಂಪನಿಯೇ ಕೊಡುವ ಅಳತೆ ತೋರಿಸಿದರು: 205/60 ಆರ್16. ನಾವು ತಂದದ್ದು 205/55 ಆರ್16.

ಕಾರನ್ನು ಮೇಲೆತ್ತಿ, ಮುಂದಿನ ಒಂದು ಚಕ್ರ ಬಿಚ್ಚಿ, ಕೊರೊಲ್ಲಾದ ಚಕ್ರವನ್ನು ಹಬ್ಬಿಗೆ ಹಿಡಿದರು. ಅದು ಕೂರಲಿಲ್ಲ. ಹಬ್ಬಿನ ಐದು ಬೋಲ್ಟುಗಳ ತುದಿ ರಿಮ್ಮಿನ ತೂತುಗಳನ್ನು ತಪ್ಪಿಸಿ ಕಬ್ಬಿಣಕ್ಕೇ ಒತ್ತಿ ನಿಂತವು. ಮಜ್ದಾದ ಬೋಲ್ಟುಗಳು 114.3 ಮಿ.ಮೀ. ವ್ಯಾಸದ ವೃತ್ತದಲ್ಲಿದ್ದರೆ ಆ ಕೊರೊಲ್ಲಾದವು 100 ಮಿ.ಮೀ. ವೃತ್ತದಲ್ಲಿ. ನಡುವಿನ ದೊಡ್ಡ ತೂತೂ ಬೇರೆ: ಮಜ್ದಾಕ್ಕೆ 67.1 ಬೇಕು, ಕೊರೊಲ್ಲಾದ್ದು 54.1. ಹುಡುಗ ಬಗ್ಗಿ, ತೂತಿಗೂ ಬೋಲ್ಟಿಗೂ ನಡುವಿನ ಆ ಅಂತರವನ್ನು ಬಹಳ ಹೊತ್ತು ನೋಡಿದ.

"ಹಾಗಾದ್ರೆ ಟೈರು ಮಾತ್ರ ಬಿಚ್ಚಿ ಬೇರೆ ರಿಮ್ಮಿಗೆ ಹಾಕಬಹುದಲ್ವಾ?" ಎಂದು ಕೇಳಿದ. ನ್ಯಾಯವಾದ ಪ್ರಶ್ನೆಯೇ. ಯಜಮಾನರು ಸೀಮೆಸುಣ್ಣ ತೆಗೆದುಕೊಂಡು ಸಿಮೆಂಟಿನ ನೆಲದ ಮೇಲೆ ಲೆಕ್ಕ ಬರೆದರು. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು, ಆ ಅಗಲದ ನೂರಕ್ಕೆ ಎಷ್ಟು ಪಾಲು ಟೈರಿನ ಗೋಡೆಯ ಎತ್ತರ ಎಂಬುದು. ಕೊನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ. ಎತ್ತರವನ್ನು ಎರಡರಿಂದ ಗುಣಿಸಿ ರಿಮ್ಮಿಗೆ ಕೂಡಿಸಿದರೆ ಇಡೀ ಚಕ್ರದ ವ್ಯಾಸ. ಕಾರಿನಲ್ಲಿದ್ದ 18 ಇಂಚಿನದು 650.7 ಮಿ.ಮೀ. ಪುಸ್ತಕದ 16 ಇಂಚಿನದು 652.4. ಎರಡು ಮಿಲಿಮೀಟರ್ ವ್ಯತ್ಯಾಸವೂ ಇಲ್ಲ. ನಾವು ತಂದದ್ದು 631.9. ಸುಮಾರು 19 ಮಿ.ಮೀ. ಗಿಡ್ಡ, ಅಂದರೆ ನೂರಕ್ಕೆ ಮೂರರಷ್ಟು ಕಡಿಮೆ. ಮೀಟರು 100 ತೋರಿಸುವಾಗ ಕಾರು ಓಡುವುದು 97ರಲ್ಲಿ. ಚಕ್ರ ಎಷ್ಟು ಸುತ್ತಿತು ಎಂಬುದನ್ನು ನಂಬಿಯೇ ಕಾರಿನ ಒಳಗಿನ ಹಲವು ಲೆಕ್ಕಗಳು ನಡೆಯುತ್ತವೆ. "ಮೂರು ಅಂದರೆ ಗಡಿ," ಎಂದರು ಯಜಮಾನರು. "ಸರಿಯಾದ ಅಳತೆ ಸಿಗುವಾಗ ಗಡಿಯ ಮೇಲೆ ಹೋಗಿ ನಿಲ್ಲೋದ್ಯಾಕೆ?"

ಸಾಲಿನಲ್ಲಿದ್ದ ಇನ್ನೊಬ್ಬರು, ಹಿಮಕ್ಕೆ ಅಗಲವಾದ ಟೈರೇ ಒಳ್ಳೆಯದು, ಹಿಡಿತ ಹೆಚ್ಚು ಎಂದರು. ಬಹಳ ಜನ ನಂಬಿರುವ ಮಾತದು. ಆದರೆ ಕಾರಿನ ಭಾರ ಅಷ್ಟೇ, ತುಂಬುವ ಗಾಳಿಯ ಒತ್ತಡವೂ ಅಷ್ಟೇ ಆದಾಗ ನೆಲ ಮುಟ್ಟುವ ಜಾಗವೂ ಹೆಚ್ಚುಕಡಿಮೆ ಅಷ್ಟೇ. ಕಿರಿದಾದ ಟೈರಿನಲ್ಲಿ ಆ ಜಾಗ ಉದ್ದಕ್ಕೆ ಚಾಚಿಕೊಂಡು, ಎದುರಿನ ಹಿಮವನ್ನು ತಳ್ಳಬೇಕಾದ ಮುಖ ಸಣ್ಣದಾಗುತ್ತದೆ. ನಮ್ಮೂರ ಎತ್ತಿನ ಗಾಡಿಯ ಚಕ್ರ ಕೆಸರು ಸೀಳಿ ಗಟ್ಟಿ ನೆಲ ಮುಟ್ಟುವುದಿಲ್ಲವೇ, ಹಾಗೆ. ಅಳಿಯನಿಗೆ ನಾನು ಕನ್ನಡದಲ್ಲಿ ಹೀಗೆ ಹೇಳಿದ ತಕ್ಷಣ ಅವನ ಮುಖ ಅರಳಿತು.

16 ಇಂಚಿಗೆ ಇಳಿಯುವುದರಲ್ಲಿ ಇನ್ನೊಂದು ಲಾಭವೂ ಇದೆ. 18ರ ಟೈರಿನ ಗೋಡೆ 97 ಮಿ.ಮೀ. ಎತ್ತರ, 16ರದ್ದು 123. ಹಿಮ ಕರಗಿದ ಮೇಲೆ ಮಾಂಟ್ರಿಯಲ್ ರಸ್ತೆಗಳಲ್ಲಿ ಬಾಯ್ತೆರೆಯುವ ಗುಂಡಿಗಳಿಗೆ ರಿಮ್ಮು ಬಡಿಯದಂತೆ ಕಾಯುವುದು ಆ ಹೆಚ್ಚುವರಿ ರಬ್ಬರೇ. ಬೆಲೆಯೂ ಕಡಿಮೆ. ಹಾಗೆಂದು ಇನ್ನೂ ಕೆಳಗಿಳಿಯುತ್ತ ಹೋಗುವಂತಿಲ್ಲ. ಒಂದು ಹಂತದಲ್ಲಿ ರಿಮ್ಮಿನ ಒಳಮೈ ಬ್ರೇಕಿನ ಕ್ಯಾಲಿಪರ್‌ಗೆ ತಾಗುತ್ತದೆ. ಭಾರದ ಅಂಕಿಯೂ ಮೂಲ ಟೈರಿನದಕ್ಕಿಂತ ಕಡಿಮೆಯಾಗಬಾರದು. ಅವನ 18ರ ಟೈರಿನ ಮೇಲೆ 89 ಎಂದಿತ್ತು, ಅಂದರೆ ಒಂದೊಂದೂ 580 ಕಿಲೋ ಹೊರುತ್ತದೆ. ಅವತ್ತು ಯಜಮಾನರು ಹೊಂದಿಸಿಕೊಟ್ಟ ಟೈರಿನ ಮೇಲೆ 92ಟಿ ಎಂದಿತ್ತು: 630 ಕಿಲೋ, ಗಂಟೆಗೆ 190 ಕಿ.ಮೀ. ವೇಗದವರೆಗೆ. ಇಲ್ಲಿನ ಹೆದ್ದಾರಿಯ ಮಿತಿಯೇ 100.

ಕೊರೊಲ್ಲಾದ ಸೆಟ್ಟು ಅದರ ಒಡೆಯರ ಮನೆಗೆ ಮರಳಿತು. ನಾಲ್ಕು ಹೊಸ ಟೈರು, ನಾಲ್ಕು ಕಬ್ಬಿಣದ ರಿಮ್ಮು ಕೂರಿಸಿ, ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಬಿಗಿದು, ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೆ ಬಂದು ಬಿಗಿ ನೋಡಿಸಿಕೊಂಡು ಹೋಗಿ ಎಂದು ಕಳಿಸಿದರು.

ಅದೇ ಡಿಸೆಂಬರಿನಲ್ಲಿ ಒಂದು ರಾತ್ರಿ ಸೇಂಟ್ ಸೊವೆರ್‌ನಿಂದ 15ನೇ ಹೆದ್ದಾರಿಯಲ್ಲಿ ಅವನ ಕಾರಿನಲ್ಲೇ ಮರಳುತ್ತಿದ್ದೆವು. ಅವನು ಓಡಿಸುತ್ತಿದ್ದ. ಹಿಮ ಬಿದ್ದು, ಉಪ್ಪು ಸುರಿದು, ಎರಡು ಲೇನುಗಳ ನಡುವೆ ಬೂದು ಬಣ್ಣದ ಹಿಮದ ಕೆಸರು ಬದುವಿನಂತೆ ನಿಂತಿತ್ತು. ಎದುರಿನ ವ್ಯಾನು ಇದ್ದಕ್ಕಿದ್ದಂತೆ ವೇಗ ಇಳಿಸಿತು. ಅಳಿಯ ಆ ಬದು ದಾಟಿ ಪಕ್ಕದ ಲೇನಿಗೆ ಹೋಗಬೇಕಾಯಿತು. ಸ್ಟಿಯರಿಂಗ್ ಒಮ್ಮೆ ಅದುರಿತು, ಚಕ್ರದ ಗೂಡಿನೊಳಗೆ ಕೆಸರು ಬಡಿದ ಸದ್ದು ಕೇಳಿತು, ಕಾರು ನೇರವಾಗಿ ಅತ್ತ ದಾಟಿಕೊಂಡಿತು. ಅವನು ನಿಧಾನವಾಗಿ, ಸಾಕಷ್ಟು ಅಂತರವಿಟ್ಟುಕೊಂಡು ಓಡಿಸಿದ್ದೂ ಇದಕ್ಕೆ ಕಾರಣವೇ. ಆದರೂ ಆ ಗಳಿಗೆಯಲ್ಲಿ ಸರಿಯಾದ ಟೈರು ಏನು ಮಾಡುತ್ತದೆ ಎಂಬುದನ್ನು ನಾನು ಕೂತ ಸೀಟಿನಲ್ಲೇ ತಿಳಿದೆ.

ಚಳಿದೇಶಕ್ಕೆ ಬರುವ ನಮ್ಮ ಹುಡುಗ ಹುಡುಗಿಯರಿಗೆ ನಾನು ಹೇಳುವುದಿಷ್ಟು. ಉಷ್ಣತೆ 7 ಡಿಗ್ರಿಗಿಂತ ಕೆಳಗಿಳಿದರೆ ಬೇಸಿಗೆಯ ಟೈರಿನ ರಬ್ಬರು ಗಡುಸಾಗತೊಡಗುತ್ತದೆ. ಆದ್ದರಿಂದ ಹಿಮ ಬೀಳಲಿ ಎಂದು ಕಾಯಬೇಡಿ, ಅಕ್ಟೋಬರಿನಲ್ಲೇ ಹೊರಡಿ. ಡ್ರೈವರ್ ಬಾಗಿಲು ತೆಗೆದು ಸ್ಟಿಕ್ಕರ್ ಓದಿ, ಪುಸ್ತಕದಲ್ಲಿ ನಿಮ್ಮದೇ ಮಾದರಿಗೆ ಕೊಟ್ಟಿರುವ ಚಿಕ್ಕ ರಿಮ್ಮಿನ ಅಳತೆ ನೋಡಿ. ಬೋಲ್ಟಿನ ವೃತ್ತ, ನಡುವಿನ ತೂತು, ಒಟ್ಟು ವ್ಯಾಸ, ಭಾರದ ಅಂಕಿ, ಈ ನಾಲ್ಕೂ ಕೂಡಿ ಬಂದರೆ ಮಾತ್ರ ದುಡ್ಡು ಕೊಡಿ. ಹಳೆಯ ಟೈರು ಕೊಳ್ಳುವುದಾದರೆ ಅದು ತಯಾರಾದ ವಾರ ಮತ್ತು ವರ್ಷವನ್ನು ಹೇಳುವ ನಾಲ್ಕು ಅಂಕಿ ಗೋಡೆಯ ಮೇಲೇ ಇರುತ್ತವೆ, ಅದನ್ನೂ ಓದಿ. ಹಾಕಿಸುವಾಗ ನಾಲ್ಕಕ್ಕೆ ನಾಲ್ಕೂ ಒಂದೇ ಬಗೆಯದನ್ನು ಹಾಕಿಸಿ. ಇದಕ್ಕೆ ಬೇಕಾಗುವುದು ಅರ್ಧ ಗಂಟೆಯ ಕೆಲಸ. ದಯವಿಟ್ಟು ಆ ಅರ್ಧ ಗಂಟೆಯನ್ನು ಉಳಿಸಲು ಹೋಗಬೇಡಿ.