ಎರಡು ಹೃದಯದವಳು

ಮಧುಗಿರಿಯ ಏಕಶಿಲಾ ಪರ್ವತವು ಕಣ್ಣಿಗೆ ಬೀಳುವಷ್ಟು ಸಮೀಪದ ಒಂದು ಊರಿನಲ್ಲಿ ವೃದ್ಧೆಯೊಬ್ಬಳು ತನ್ನ ಮಗನಿಗೆ ಮಗಳ ಮಗಳನ್ನೇ ತಂದು ಮದುವೆಮಾಡಿದಳು. ಸೊಸೆಯು ಬಸುರಿಯಾಗಿ ನಾಲ್ಕನೆಯ ತಿಂಗಳಿನಲ್ಲಿ ಹುಣಿಸೆಯ ಚಿಗುರನ್ನು ಬಯಸಿದಳು. ಅಕಾಲವಾದುದರಿಂದ ಅದು ದೊರೆಯಲಿಲ್ಲ. ಮಗು ಹುಟ್ಟಿತು. ಅತ್ತಾಗಲೆಲ್ಲ ಅದರ ತುಟಿಯೂ ಉಗುರುಗಳೂ ನೀಲಿಗಟ್ಟುತ್ತಿದ್ದುವು. ಹೃದಯದ ನಡುಗೋಡೆಯಲ್ಲಿ ರಂಧ್ರವಿದೆ, ಶ್ವಾಸಕೋಶಕ್ಕೆ ರಕ್ತವು ಹೋಗುವ ದಾರಿ ಇಕ್ಕಟ್ಟಾಗಿದೆ ಎಂದು ವೈದ್ಯರು ಹೇಳಿದರು. "ಅವಳ ಬಯಕೆ ತೀರಲಿಲ್ಲ, ಅದಕ್ಕೇ ಹೀಗಾಯಿತು" ಎಂದು ಅಜ್ಜಿಯು ನಿಟ್ಟುಸಿರಿಟ್ಟಳು, "ಗ್ರಹಣದ ದಿನ ಹೊರಗೆ ಬಂದಿದ್ದಳಲ್ಲವೆ?" ಎಂದು ನೆರೆಯವರು ಕೇಳಿದರು. ತಾಯಿಯು ಯಾರಿಗೂ ಉತ್ತರ ಕೊಡಲಿಲ್ಲ.

ಇಂತಹ ಮನೆಗಳು ಸಿರಾ, ಕೊರಟಗೆರೆ, ಪಾವಗಡಗಳಲ್ಲಿಯೂ ಇಲ್ಲದಿಲ್ಲ. ಲೋಕದಲ್ಲಿ ಹುಟ್ಟುವ ಸಾವಿರ ಶಿಶುಗಳಲ್ಲಿ ಸುಮಾರು 8 ಅಥವಾ 9ಕ್ಕೆ ಹೃದಯದ ಯಾವುದಾದರೊಂದು ಜನ್ಮದೋಷವಿರುತ್ತದೆ.

ಅಜ್ಜಿಯ ಮಾತು ನಿರಾಧಾರವಾದುದೇನೂ ಅಲ್ಲ. ನಾಲ್ಕನೆಯ ತಿಂಗಳಿನಲ್ಲಿ ಗರ್ಭದ ಹೃದಯವು ವ್ಯಕ್ತವಾಗುವುದೆಂದೂ, ಆದುದರಿಂದ ಗರ್ಭಿಣಿಯು ಎರಡು ಹೃದಯವುಳ್ಳ ದೌಹೃದಿನಿಯೆಂದೂ, ಬಯಕೆಗಳನ್ನು ತೀರಿಸದಿದ್ದರೆ ಶಿಶುವು ವಿಕಲವಾಗುವುದೆಂದೂ ಸುಶ್ರುತ ಸಂಹಿತೆಯ ಶಾರೀರಸ್ಥಾನವು ಹೇಳುತ್ತದೆ. ಆದರೆ ಅದೇ ಗ್ರಂಥದಲ್ಲಿ ವಿವಾದವೂ ಉಂಟು. ಮೊದಲು ಹುಟ್ಟುವುದು ಶಿರಸ್ಸೆಂದು ಶೌನಕನು, ಹೃದಯವೆಂದು ಕೃತವೀರ್ಯನು, ನಾಭಿಯೆಂದು ಪಾರಾಶರ್ಯನು ಹೇಳಲು, ಎಲ್ಲ ಅಂಗಗಳೂ ಏಕಕಾಲದಲ್ಲಿಯೇ ಹುಟ್ಟಿ, ಎಳೆಯ ಮಾವಿನಲ್ಲಿ ಗೊರಟು ನಾರುಗಳಿರುವಂತೆ ಸೂಕ್ಷ್ಮತೆಯಿಂದ ಕಾಣದಿರುವುವೆಂದು ಧನ್ವಂತರಿಯು ನಿರ್ಣಯಿಸಿದನು. ಪ್ರಾಚೀನರು ಪ್ರಶ್ನೆಗೆ ಬಾಗಿಲನ್ನು ಮುಚ್ಚಲಿಲ್ಲ.

ಆ ಬಾಗಿಲಿನಿಂದ ಮುಂದಿನವರು ಬಹುದೂರ ನಡೆದಿರುವರು. 1651ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವಿಲಿಯಂ ಹಾರ್ವೆಯು, ಕೋಳಿಯ ಮೊಟ್ಟೆಯೊಳಗೆ ಮಿಡಿಯುವ ಕೆಂಪು ಬಿಂದುವನ್ನು ವರ್ಣಿಸಿದನು. ಹೃದಯವು ಒಂದೇ ಗುಂಪಿನ ಜೀವಕೋಶಗಳಿಂದಾದುದಲ್ಲ, ಎರಡನೆಯ ಗುಂಪೊಂದು ಅನಂತರ ಬಂದು ಸೇರುವುದೆಂದು 2001ರಲ್ಲಿ ಕೋಳಿಯ ಮತ್ತು ಇಲಿಯ ಪಿಂಡಗಳಲ್ಲಿ ತೋರಿಬಂದಿತು. ಮನುಷ್ಯಪಿಂಡದಲ್ಲಿ ಹೃದಯವು ಮೊದಲು ನೇರವಾದ ಒಂದು ನಾಳ. ಸುಮಾರು 22ನೆಯ ದಿನಕ್ಕೆ ಅದು ಮಿಡಿಯತೊಡಗುವುದು. ಬಳಿಕ ಬಲಕ್ಕೆ ಬಾಗಿ ಮಡಿಚಿಕೊಂಡು, ಒಳಗೆ ಗೋಡೆಗಳೆದ್ದು, ಎಂಟನೆಯ ವಾರ ಮುಗಿಯುವುದರೊಳಗಾಗಿ ನಾಲ್ಕು ಕೋಣೆಗಳ ಮನೆಯಾಗುವುದು.

ಇದರ ಫಲಿತಾರ್ಥವೇನು? ಮುಟ್ಟು ನಿಂತುದು ನಿಶ್ಚಯವಾಗಿ ತಾಯಿಯು ನಾಚುತ್ತ ಹೇಳಿಕೊಳ್ಳುವ ವೇಳೆಗಾಗಲೇ ಆ ಹೃದಯವು ಮಿಡಿಯುತ್ತಿರುವುದು. ನಾಲ್ಕನೆಯ ತಿಂಗಳ ಬಯಕೆಯು ಹುಟ್ಟುವ ಮುನ್ನವೇ ಅದರ ಗೋಡೆಗಳು ಎದ್ದು ನಿಂತಿರುವುವು. ಕಟ್ಟಿ ಮುಗಿದ ಮನೆಯ ಬಿರುಕಿಗೆ, ಅನಂತರ ದೊರೆಯದೆ ಹೋದ ಹುಣಿಸೆಯ ಚಿಗುರು ಹೇಗೆ ಕಾರಣವಾದೀತು?

ಮಾಡತಕ್ಕದ್ದೇನಾದರೂ ಇದ್ದರೆ ಅದು ಬಹುಮಟ್ಟಿಗೆ ಗರ್ಭಕ್ಕೆ ಮುಂಚಿನದು. ಗರ್ಭಿಣಿಗೆ ರುಬೆಲ್ಲಾ ಜ್ವರ ಬಂದರೆ ಶಿಶುವಿನ ಕಣ್ಣೂ ಹೃದಯವೂ ಕೆಡುವುದೆಂದು ಆಸ್ಟ್ರೇಲಿಯದ ನಾರ್ಮನ್ ಗ್ರೆಗ್ 1941ರಲ್ಲಿ ಕಂಡನು. ಅದನ್ನು ತಡೆಯುವ ಲಸಿಕೆಯನ್ನು 2017ರಲ್ಲಿ ಕರ್ನಾಟಕದ ಮಕ್ಕಳಿಗೆ ಊರೂರಿನಲ್ಲಿ ಹಾಕಲಾಯಿತು. ಸಿಹಿಮೂತ್ರ ರೋಗವುಳ್ಳವಳು ಅದನ್ನು ಹತೋಟಿಗೆ ತಂದುಕೊಂಡು ಬಸುರಿಯಾಗುವುದು ಕ್ಷೇಮ. ರಕ್ತಸಂಬಂಧದ ವಿವಾಹದಿಂದ ಹುಟ್ಟಿದವರಲ್ಲಿ ಹೃದಯದ ಜನ್ಮದೋಷಗಳು ಹೆಚ್ಚೆಂದು ಮೈಸೂರು ವಿಶ್ವವಿದ್ಯಾನಿಲಯದ ರಾಮೇಗೌಡ ಮತ್ತು ರಾಮಚಂದ್ರ ಎಂಬವರು 2006ರಲ್ಲಿ ಪ್ರಕಟಿಸಿದರು. ಹಾಗೆಂದು, ಇಂತಹ ಮಗುವಿಗೆ ಇದೇ ಕಾರಣವೆಂದು ಬೆರಳಿಟ್ಟು ಹೇಳಲಾಗದು. ಅಂತಹ ದಂಪತಿಗಳ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಂತರೇ.

ಈ ಮಾತನ್ನು ವೈದ್ಯರು ಮೃದುವಾಗಿ ತಿಳಿಸಿದಾಗ ಅಜ್ಜಿಯು ಬಹಳ ಹೊತ್ತು ಸುಮ್ಮನಿದ್ದಳು. ಸಂಬಂಧವನ್ನು ಕೂಡಿಸಿದವಳು ಅವಳೇ. ಮಗುವಿಗೆ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು; ಉಗುರುಗಳಿಗೆ ಕೆಂಪೇರಿತು. ಮುಂದೆ ಕಿರಿಯ ಮಗನಿಗೂ ಸೋದರಿಕೆಯಲ್ಲಿಯೇ ಹೆಣ್ಣು ತರುವ ಮಾತು ಬಂದಾಗ ಅವಳು, "ಬೇಡಪ್ಪ, ಹೊರಗಿನ ಸಂಬಂಧವನ್ನೇ ನೋಡಿರಿ" ಎಂದಳು. ಆ ವರ್ಷ ಹುಣಿಸೆಯು ಚಿಗುರಿದಾಗ ಒಂದು ಹಿಡಿ ಕೊಯ್ದು ತಂದು, ಏನನ್ನೂ ಹೇಳದೆ ಸೊಸೆಯ ಮಡಿಲಿಗೆ ಹಾಕಿದಳು.